ಮೂಸಬಾರದ ಅಕ್ಕಿ

ಕುಂದಾಪುರದಲ್ಲಿ ಬಸ್ಸು ಹತ್ತಿದ ಅತ್ತೆ ಸೊಸೆ ನನ್ನ ಮುಂದಿನ ಸೀಟಿನಲ್ಲೇ ಕೂತರು. ಆನೆಗುಡ್ಡೆಗೆ ಹರಕೆಯ ಅಕ್ಕಿ ಒಯ್ಯುತ್ತಿದ್ದರು. ಚೀಲ ಅತ್ತೆಯ ತೊಡೆಯಿಂದ ಸೊಸೆಯ ತೊಡೆಗೆ, ಅಲ್ಲಿಂದ ಮತ್ತೆ ಅತ್ತೆಯ ತೊಡೆಗೆ ಹೋಗುತ್ತಲೇ ಇತ್ತು.

“ಪೂಜಿತಾ, ಈ ಅಕ್ಕಿ ಇಟ್ಟಿದ್ದ ಡಬ್ಬಿಗೆ ಎಂತ ಹಾಕಿದ್ಯೆ?”

“ಮಜ್ಜಿಗೆಹುಲ್ಲಿನ ಎಣ್ಣೆ, ಅತ್ತೆ. ಬಟ್ಟೆ ಚೂರಿಗೆ ನಾಲ್ಕೇ ಹನಿ. ಇಲ್ದಿದ್ರೆ ಹುಳ ಆತಿತ್ತ್.”

“ದನಕ್ಕೆ ಹಚ್ಚಿದ ಎಣ್ಣೆಯಾ?”

“ಹೌದ್. ಮೈಮೇಲೆ ರಕ್ತ ಹೀರ್ತಿದ್ದ ಉಣುಗೆಲ್ಲ ಉದ್ರಿ ಹೋಯ್ತಲ್ದಾ?”

“ಅದ್ ನಾನ್ ಹರ್ಕಿ ಹೇಳ್ಕಂಡದ್ದಕ್ಕೆ ಹೋದ್ದ್!”

ಸೊಸೆ ಕಿಟಕಿಯ ಕಡೆ ತಿರುಗಿದಳು. ತಲ್ಲೂರಿನ ಯಾರದೋ ಮದುವೆಯ ಮಾತು ಹಿಂದಿನ ಸೀಟಿನಲ್ಲಿ ಜೋರಾಗಿತ್ತು.

“ಅಕ್ಕಿಗೆ ವಾಸ್ನೆ ಹಿಡ್ದಿತ್ತಾ ಕಾಂಬ, ಇಲ್ಲಿ ಕೊಡಿ ಅತ್ತೆ.”

“ಮೂಗಿನ್ ಹತ್ರ ತರ್ಬೇಡ! ಮೂಸಿದ್ದ್ ದೇವ್ರಿಗೆ ಆತಿಲ್ಲೆ.”

“ಮೂಸದೆ ಹ್ಯಾಂಗ್ ಗೊತ್ತಾಪುದ್?”

“ಬೆಳಿಗ್ಗೆಯಿಂದ ನಂಗೂ ಅದೇ ಮಂಡೆಬಿಸಿ.”

“ಅಲ್ಲೇ ಅಂಗ್ಡೀಲಿ ಬೇರೆ ಅಕ್ಕಿ ತಕಂಬನಾ?”

“ನಮ್ಮ ಗದ್ದೆ ಅಕ್ಕಿ ಅಂದ್ ಹೇಳ್ಕಂಡಿದ್ದೆ ಮಾರಾಯ್ತಿ.”

ಕಂಡಕ್ಟರ್ “ಕುಂಭಾಶಿ, ಕುಂಭಾಶಿ” ಎಂದು ಕೂಗಿದ. ಅತ್ತೆ ಎದ್ದು, ಚೀಲವನ್ನು ಕೈಚಾಚಿ ದೂರ ಹಿಡಿದು, ಮುಖ ಬೇರೆ ಕಡೆ ಮಾಡಿಕೊಂಡೇ ಬಾಗಿಲಿಗೆ ನಡೆದರು.

“ಇದೆಂತ ವಾಸ್ನೆ ಅಂದ್ ಭಟ್ರ್ ಕೇಂಡ್ರೆ?” ಸೊಸೆ ಹಿಂದಿನಿಂದ ಕೇಳಿದಳು.

ಅತ್ತೆ ಮೆಟ್ಟಿಲಿಳಿಯುತ್ತ ಹೇಳಿದರು: “ಉಣುಗು ಬಿಟ್ಟದ್ದ್ ಯಾರಿಂದ ಅಂದ್ ದೇವ್ರೇ ಮೂಸಿ ಕಾಣ್ಲಿ.”