ಮ್ಯಾಟಿನಿ ಮುಗಿಯುವವರೆಗೆ ಕಾದ ತಂತಿ

ವೇದಿಕೆಯ ನಡುವೆ ಕುಳಿತು ಆಗಲೇ ಎರಡು ಸಲ ಗಡಿಯಾರ ನೋಡಿಕೊಂಡಿರುವ ಮಾನ್ಯ ಅಧ್ಯಕ್ಷರೇ, ಯುದ್ಧದಲ್ಲಿ ಮಡಿದ ನಮ್ಮೂರಿನ ಇಪ್ಪತ್ತಮೂರು ಮಂದಿಯ ಹೆಸರುಗಳನ್ನು ಒಂದೂ ತಪ್ಪದೆ ಓದಿದ ಮುಖ್ಯ ಅತಿಥಿಗಳಾದ ನಿವೃತ್ತ ಕ್ಯಾಪ್ಟನ್ ಸಾಹೇಬರೇ, ಶಾಲು ಹೊದ್ದು ಸೆಕೆಯಲ್ಲಿ ಬೆವರುತ್ತಿರುವ ಇಂದಿನ ಸನ್ಮಾನಿತರೂ ಊರಿಗೆಲ್ಲ ಟೆಲಿಗ್ರಾಂ ಹಂಚಿದವರೂ ಆದ ನಮ್ಮೆಲ್ಲರ ತಂತಿಯಣ್ಣನವರೇ, ಹಿಂದಿನ ಸಾಲಿನಲ್ಲಿ ಕೂತರೆ ಬೇಗ ಜಾರಿಕೊಳ್ಳಬಹುದೆಂದು ಲೆಕ್ಕ ಹಾಕಿ ಅಲ್ಲೇ ಕೂತಿರುವ ನನ್ನ ಪ್ರೀತಿಯ ಸಭಿಕರೇ,

ನನಗೆ ಕೊಟ್ಟಿರುವುದು ಹತ್ತು ನಿಮಿಷ. ನನ್ನ ಬಾಯಿ ಎಂಥದ್ದೆಂದು ಬಲ್ಲ ಅಧ್ಯಕ್ಷರು ಚೀಟಿಯಲ್ಲಿ ‘ಹತ್ತು’ ಎಂಬುದರ ಕೆಳಗೆ ಎರಡು ಗೆರೆ ಎಳೆದು ಕಳಿಸಿದ್ದಾರೆ. ಮೂವತ್ತಾರು ವರ್ಷ ಈ ಊರಿನ ಮಕ್ಕಳಿಗೆ ಟೈಪಿಂಗ್ ಕಲಿಸಿದವಳು ನಾನು. ಎರಡೇ ಬೆರಳಿನಲ್ಲಿ ಕುಟ್ಟುವವರನ್ನೂ ಕಂಡಿದ್ದೇನೆ, ಎರಡು ಗೆರೆ ಎಳೆಯುವವರನ್ನೂ ಕಂಡಿದ್ದೇನೆ. ಇಂಥದಕ್ಕೆಲ್ಲ ಹೆದರುವವಳಲ್ಲ.

ಆದರೂ ಇವತ್ತು ಈ ಮೈಕಿನ ಮುಂದೆ ಹೆದರಿದ್ದೇನೆ. ಯಾಕೆಂದು ಮೊದಲೇ ಹೇಳಿಬಿಡುತ್ತೇನೆ. ತಂತಿಯಣ್ಣನವರು ಬರುವ ಭಾನುವಾರ ಈ ಊರು ಬಿಟ್ಟು ಮಗಳ ಮನೆಗೆ ಹೊರಡುತ್ತಿದ್ದಾರೆ. ಈಗಷ್ಟೇ ಕ್ಯಾಪ್ಟನ್ ಸಾಹೇಬರು ಒಳ್ಳೆಯ ಮನಸ್ಸಿನಿಂದಲೇ ಒಂದು ಮಾತು ಆಡಿದರು: “ಒಂದೇ ಒಂದು ಲೋಪ ಬಿಟ್ಟರೆ ಅಂಚೆ ಕಚೇರಿಯಲ್ಲಿ ಇವರದು ಕಪ್ಪುಚುಕ್ಕೆ ಇಲ್ಲದ ಸೇವೆ.” ಸಾಹೇಬರೇ, ಆ ಲೋಪ ಯಾವುದೆಂದು ಇಲ್ಲಿರುವ ಅರ್ಧ ಜನಕ್ಕೆ ಗೊತ್ತು. ಯುದ್ಧಕಾಲದಲ್ಲಿ ಒಂದು ತಂತಿಯನ್ನು ಇವರು ಎರಡೂಕಾಲು ಗಂಟೆ ತಡವಾಗಿ ತಲುಪಿಸಿದರು. ಆ ತಂತಿ ಬಂದದ್ದು ನನಗೆ. ಆ ಅಪವಾದ ಹೊತ್ತುಕೊಂಡೇ ಇವರು ಊರು ಬಿಡಬೇಕೇ? ಬೇಡ ಎನ್ನಬಲ್ಲವಳು ಈ ಸಭೆಯಲ್ಲಿ ಒಬ್ಬಳೇ ಇದ್ದಾಳೆ. ಅವಳಿಗೆ ನಲವತ್ತೊಂದು ವರ್ಷದಿಂದ ಬಾಯಿ ಬಂದಿಲ್ಲ. ಇವತ್ತೂ ನೇರವಾಗಿ ಅಲ್ಲಿಗೆ ಹೋಗುವಷ್ಟು ಎದೆಗಾರಿಕೆ ಇಲ್ಲ. ಸಿನಿಮಾದಿಂದಲೇ ಶುರುಮಾಡುತ್ತೇನೆ, ದಯವಿಟ್ಟು ಸಹಿಸಿಕೊಳ್ಳಿ.

ಈ ಗ್ರಂಥಾಲಯದ ಮಹಡಿಯ ಮೇಲೆ ಒಂಬತ್ತು ವರ್ಷದಿಂದ ನಮ್ಮ ಗುರುವಾರದ ಕೂಟ ನಡೆಯುತ್ತಿದೆ. ಹಳೆಯ ಪ್ರೇಮಕಥೆಯ ಸಿನಿಮಾ ಒಂದು, ಆಮೇಲೆ ಚಹಾ, ಆಮೇಲೆ ಜಗಳ. ಜಗಳವೇ ಮುಖ್ಯ. ನಾಯಕ ಅವಳನ್ನು ನಿಜಕ್ಕೂ ಪ್ರೀತಿಸಿದ್ದನೇ? ರೈಲು ಹೊರಟಮೇಲೆ ಪ್ಲಾಟ್‌ಫಾರ್ಮಿಗೆ ಓಡಿಬರುವ ಬದಲು ಐದು ನಿಮಿಷ ಮುಂಚೆ ಮನೆ ಬಿಡಲು ಇವನಿಗೇನು ಧಾಡಿ? ನಮ್ಮ ಬೇಕರಿಯವರಂತೂ ಪ್ರತಿ ನಾಯಕಿಗೂ ತಂದೆಯಂತೆ ಚಿಂತಿಸುತ್ತಾರೆ. “ಅಲ್ಲ ಕಣ್ರೀ, ಅವನಿಗೆ ಕೆಲಸ ಇಲ್ಲ, ಬೊಗಸೆ ಇಲ್ಲ, ಬರೀ ಹಾಡು ಹೇಳ್ತಾನೆ. ಯಾರಾದ್ರೂ ಹೆಣ್ಣು ಕೊಡ್ತಾರಾ?” ಅವರಿಗೆ ಎಷ್ಟು ಸಲ ಹೇಳಿದ್ದೇನೋ, ಸ್ವಾಮಿ, ಅವಳ ಮದುವೆ ಆಗಿ ಅರವತ್ತು ವರ್ಷ ಆಯಿತು, ಇನ್ನು ನೀವು ತಲೆ ಕೆಡಿಸಿಕೊಳ್ಳಬೇಡಿ ಎಂದು.

ತಂತಿಯಣ್ಣನವರ ತಕರಾರೇ ಬೇರೆ. ಹಳೆಯ ಸಿನಿಮಾ ಎಂದಮೇಲೆ ಯಾರಿಗಾದರೂ ಒಂದು ತಂತಿ ಬರಲೇಬೇಕಲ್ಲ? ಬಾಗಿಲು ಬಡಿಯುತ್ತಾರೆ, ಲಕೋಟೆ ಕೊಡುತ್ತಾರೆ, ಹೋಗಿಬಿಡುತ್ತಾರೆ. ಕತ್ತಲಲ್ಲಿ ಇವರ ದನಿ ಕೇಳುತ್ತದೆ: “ನೋಡಿ, ನೋಡಿ! ಸಹಿ ಹಾಕಿಸ್ಕೊಳ್ಳದೆ ಹೋದ! ಕೆಲಸ ಕಳ್ಕೊಳ್ತಾನೆ ಇವ್ನು!” ನಾಯಕಿ ಅಲ್ಲಿ ಗೋಡೆಗೆ ಒರಗಿ ಬಿಕ್ಕುತ್ತಿದ್ದರೆ ಇಲ್ಲಿ ನಾವೆಲ್ಲ ಬಿದ್ದು ಬಿದ್ದು ನಗುತ್ತಿರುತ್ತೇವೆ. ಆದರೆ ಅದು ಯುದ್ಧದ ಕಥೆಯಾಗಿದ್ದರೆ ಇವರು ತಕರಾರು ಎತ್ತುವುದಿಲ್ಲ. ಸದ್ದಿಲ್ಲದೆ ಎದ್ದು ಹೊರಗಿನ ಮೆಟ್ಟಿಲ ಬಳಿ ಹೋಗಿ ನಿಲ್ಲುತ್ತಾರೆ. ತಂತಿ ತಲುಪಿದಮೇಲೆ ಯಾರಾದರೂ ಹೋಗಿ ಕರೆಯಬೇಕು. ಕರೆಯಲು ಹೋಗುತ್ತಿದ್ದವಳು ನಾನೇ. “ಆಯ್ತು, ಬನ್ನಿ” ಎನ್ನುತ್ತಿದ್ದೆ. “ಆಯ್ತಾ?” ಎಂದು ಕೇಳಿ ಬರುತ್ತಿದ್ದರು. ಒಂಬತ್ತು ವರ್ಷದಲ್ಲಿ ನಾವಿಬ್ಬರೂ ಆ ವಿಷಯ ಆಡಿದ್ದು ಅಷ್ಟೇ.

ನೀವೆಲ್ಲ ನನ್ನನ್ನು ಒಂದು ಸಿನಿಮಾ ಹಾಕಿ ಎಂದು ಪೀಡಿಸುತ್ತಿದ್ದಿರಿ. ಹೆಸರು ಬೇಡ, ಯಾವುದೆಂದು ನಿಮಗೆ ಗೊತ್ತು. ಆ ಯುದ್ಧದ ವರ್ಷ ಹದಿನಾಲ್ಕು ವಾರ ಓಡಿದ್ದು. ಪ್ರತಿ ಸಲವೂ ಪ್ರಿಂಟ್ ಸಿಗುವುದಿಲ್ಲ ಎಂದೆ. ಅದು ಸುಳ್ಳು. ಆ ಸಿನಿಮಾದ ಡಿಸ್ಕು ನನ್ನ ಬೀರುವಿನಲ್ಲಿ ಸೀರೆಗಳ ಕೆಳಗಿದೆ, ಮೇಲಿನ ಪ್ಲಾಸ್ಟಿಕ್ಕನ್ನೂ ಬಿಚ್ಚಿಲ್ಲ. ಇಂಟರ್ವಲ್ ಆದಮೇಲೆ ಅದರಲ್ಲಿ ಏನಾಗುತ್ತದೆ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಹಾಗೆಂದು ನಾನು ಅದನ್ನು ನೋಡದೆ ಎದ್ದುಬಂದವಳೂ ಅಲ್ಲ. ಕೊನೆಯ ದೃಶ್ಯದವರೆಗೂ ಕಣ್ಣು ಪರದೆಯ ಮೇಲೇ ಇತ್ತು.

ಆಗ ನನಗೆ ಇಪ್ಪತ್ತೈದು. ಮದುವೆಯಾಗಿ ಎರಡು ವರ್ಷ. ನಮ್ಮ ಯಜಮಾನರು ಸೇನೆಯಲ್ಲಿ ಲಾರಿ ಓಡಿಸುತ್ತಿದ್ದರು. ಸಿನಿಮಾದ ಸೈನಿಕನಂತೆ ಅವರಿಗೆ ಹಾಡು ಬರುತ್ತಿರಲಿಲ್ಲ. ಕಾಗದದಲ್ಲಿ ಲಾರಿಯ ವಿಷಯ ಒಂದೂವರೆ ಪುಟ, ನನ್ನ ವಿಷಯ ಒಂದೂವರೆ ಸಾಲು. ಆ ಒಂದೂವರೆ ಸಾಲನ್ನು ನಾನು ಎಷ್ಟು ಸಲ ಓದುತ್ತಿದ್ದೆ ಎಂದರೆ ಮಡಿಕೆಯಲ್ಲಿ ಕಾಗದವೇ ಹರಿದುಹೋಗಿತ್ತು. ಇರಲಿ, ಇದನ್ನು ಹೇಳಬೇಕೆಂದು ಬರೆದುಕೊಂಡಿರಲಿಲ್ಲ.

ಆ ದಿನಗಳಲ್ಲಿ ತಂತಿಯಣ್ಣ ಸೈಕಲ್ಲಿನಲ್ಲಿ ಬೀದಿಗೆ ಬಂದರೆ ಹೆಂಗಸರು ಬಾಗಿಲು ಮುಚ್ಚಿಕೊಳ್ಳುತ್ತಿದ್ದರು. ಮುಚ್ಚಿದ ಬಾಗಿಲಿಗೆ ತಂತಿ ಬರುವುದಿಲ್ಲವೇನೋ ಎಂಬಂತೆ! ಆ ಒಂದು ತಿಂಗಳಲ್ಲೇ ಸೇನೆಯ ಮೊಹರಿದ್ದ ಹನ್ನೊಂದು ಲಕೋಟೆ ಹಂಚಿದ್ದರು. ಒಳಗಿನ ಒಕ್ಕಣೆ ಇವರಿಗೆ ಗೊತ್ತಿರುತ್ತಿರಲಿಲ್ಲ, ಅಂಟಿಸಿಯೇ ಕೊಡುತ್ತಿದ್ದರು. ಆದರೆ ಆ ಮೊಹರಿನ ಅರ್ಥ ಒಂದೇ ಎಂದು ಊರಿಗೆಲ್ಲ ಗೊತ್ತಿತ್ತು. ನಿಯಮ ಏನೆಂದರೆ ಯಾರ ಹೆಸರಿಗೆ ಬಂದಿದೆಯೋ ಅವರ ಕೈಗೇ ಕೊಡಬೇಕು, ರಸೀದಿ ಚೀಟಿಯಲ್ಲಿ ಅವರೇ ಸಹಿ ಮಾಡಿ ಅವರೇ ಗಂಟೆ ಬರೆಯಬೇಕು.

ಅವತ್ತು ನಮ್ಮ ಮನೆಗೆ ಬೀಗ. ಅತ್ತೆಯವರು ಹಲ್ಲು ತೋರಿಸಲು ಡಾಕ್ಟರ ಬಳಿ ಹೋಗಿದ್ದರು. ನಾನು, ನಾದಿನಿ ಮ್ಯಾಟಿನಿಗೆ. ಪಕ್ಕದ ಮನೆಯವರು ಹೇಳಿದ್ದು ಕೇಳಿ ತಂತಿಯಣ್ಣ ಥಿಯೇಟರಿಗೇ ಬಂದರು. ಮೂರು ಗಂಟೆ ಐದು ನಿಮಿಷಕ್ಕೆ ಬಂದರು, ಗೇಟಿನವರ ಸ್ಟೂಲಿನ ಮೇಲೆ ಕೂತರು, ಸಿನಿಮಾ ಮುಗಿಯುವವರೆಗೂ ಕೂತೇ ಇದ್ದರು. ಹೊರಗಿನ ಮೆಟ್ಟಿಲ ಮೇಲೆ ನನ್ನ ಕೈಗೆ ಲಕೋಟೆ ಕೊಟ್ಟಾಗ ನಾನು ಚೀಟಿಯಲ್ಲಿ ಬರೆದ ಹೊತ್ತು ಐದು ಇಪ್ಪತ್ತು.

ಸತ್ತವರು ಸತ್ತರು, ಎರಡು ಗಂಟೆಯಲ್ಲಿ ಏನು ಕೆಡುತ್ತದೆ? ಇವರು ಹಾಗೆಂದುಕೊಂಡರು. ತಪ್ಪೇ? ಆದರೆ ಒಳಗೆ ಬರೆದದ್ದು ಬೇರೆ ಇತ್ತು. ಮಾರನೆಯ ದಿನ ಬೆಳಿಗ್ಗೆ ಒಂಬತ್ತಕ್ಕೆ ದೂರದ ಸೇನಾ ಆಸ್ಪತ್ರೆಯ ಊರಿನಲ್ಲಿ ಅಂತ್ಯಸಂಸ್ಕಾರ, ಕೂಡಲೇ ಹೊರಟು ಬನ್ನಿ ಎಂದಿತ್ತು. ಯುದ್ಧಕಾಲ, ದಿನಕ್ಕೊಂದೇ ರೈಲು. ಅದು ನಾಲ್ಕು ಹತ್ತಕ್ಕೆ ಹೋಗಿಯಾಗಿತ್ತು. ನಾವು ತಲುಪಿದಾಗ ಎಲ್ಲ ಮುಗಿದಿತ್ತು. ಅತ್ತೆಯವರ ಕೈಗೆ ಒಂದು ಟ್ರಂಕು, ಒಂದು ವಾಚು ಕೊಟ್ಟರು. ಅವರು ಮಗನ ಮುಖ ನೋಡಲಿಲ್ಲ. ನಾನೂ ನೋಡಲಿಲ್ಲ.

ಅತ್ತೆಯವರು ದೂರು ಕೊಟ್ಟರು. ಕೊಡದೇ ಇರುತ್ತಾರೆಯೇ? ಹೆತ್ತ ಹೊಟ್ಟೆ. ವಿಚಾರಣೆಗೆ ಮುಂಚೆ ಕಚೇರಿಯಲ್ಲೇ ಯಾರೋ ಇವರಿಗೆ ಹೇಳಿದರಂತೆ: “ಐದನ್ನ ಮೂರು ಮಾಡೋಕೆ ಎಷ್ಟೊತ್ತು ಮಾರಾಯ? ಒಂದು ಗೀಟು ಸಾಕು.” ಇವರು ಒಪ್ಪಲಿಲ್ಲ. “ಅವ್ರು ಬರೆದ ಗಂಟೆ ಅವ್ರದ್ದು. ನಾನು ಮುಟ್ಟೋಲ್ಲ” ಎಂದರಂತೆ. ಅಧಿಕಾರಿಗಳು ಯಾಕೆ ಕಾದೆ ಎಂದು ಕೇಳಿದಾಗ, ನಾನು ಅಲ್ಲೇ ಬೆಂಚಿನ ಮೇಲೆ ಕೂತಿದ್ದೆ, ನನ್ನ ಕಿವಿಯಾರೆ ಕೇಳಿದ್ದೇನೆ, ಇವರು ಹೇಳಿದ್ದು ಇಷ್ಟೇ: “ಅವ್ರು ನಗ್ತಾ ಇದ್ರು ಸಾರ್. ನಗ್ತಾ ಇರೋರ ಕೈಗೆ ಅದನ್ನ ಹೇಗೆ ಕೊಡೋದು ಅಂತ ಗೊತ್ತಾಗ್ಲಿಲ್ಲ. ತಪ್ಪು ನಂದೇ.” ಆರು ತಿಂಗಳು ಅಮಾನತು. ಬಡ್ತಿ ಹೋಯಿತು, ಮತ್ತೆ ಬರಲೇ ಇಲ್ಲ. ಅತ್ತೆಯವರು ಇರುವಷ್ಟು ದಿನ ಈ ಮನುಷ್ಯನನ್ನು ಶಪಿಸಿದರು. ಊರು ಸುಮ್ಮನಿತ್ತೇ? ‘ಸಿನಿಮಾ ನೋಡ್ತಾ ಕೂತ’ ಎಂದಿತು. ಇವರು ತಲೆ ತಗ್ಗಿಸಿಕೊಂಡು ಸೈಕಲ್ ತುಳಿದರು. ಎಂಥ ಬಿಸಿಲಿಗೂ ಒಂದು ತಂತಿಯನ್ನೂ ಮತ್ತೆ ತಡಮಾಡಲಿಲ್ಲ. ಇಂಥವರನ್ನು ಮೆಚ್ಚದೆ ಇನ್ಯಾರನ್ನು ಮೆಚ್ಚೋಣ ಹೇಳಿ?

ನೀರು ಕುಡಿಯುತ್ತೇನೆ. ಅಧ್ಯಕ್ಷರೇ, ಗಂಟೆ ಒತ್ತಬೇಡಿ. ಈಗ ಒತ್ತಿದರೆ ನಾನು ನಿಜಕ್ಕೂ ನಿಲ್ಲಿಸಿಬಿಡುತ್ತೇನೆ.

ನಾನು ನಗುತ್ತಿದ್ದೆನೇ? ಹೌದು, ನಗುತ್ತಿದ್ದೆ. ಯಾಕೆ ನಗುತ್ತಿದ್ದೆ ಎಂದು ಯಾರೂ ಕೇಳಲಿಲ್ಲ.

ಇಂಟರ್ವಲ್ಲಿಗೆ ದೀಪ ಹತ್ತಿತು. ನಾದಿನಿ ಏನೋ ಹೇಳುತ್ತಿದ್ದಳು. ಸುಮ್ಮನೆ ತಿರುಗಿ ನೋಡಿದರೆ ಬಾಗಿಲ ಪಕ್ಕ ಸ್ಟೂಲಿನ ಮೇಲೆ ಖಾಕಿ. ಟೋಪಿ ತೊಡೆಯ ಮೇಲೆ, ಚರ್ಮದ ಚೀಲ ಎದೆಗೆ ಅವುಚಿಕೊಂಡು, ಕತ್ತಲಲ್ಲಿ ಹುಡುಕಲಾಗದೆ ದೀಪ ಹತ್ತುವುದನ್ನೇ ಕಾದಿದ್ದವರಂತೆ ನನ್ನನ್ನೇ ನೋಡುತ್ತಿದ್ದರು. ನಾನೂ ನೋಡಿದೆ. ಆ ಸಾಲುಗಳಲ್ಲಿ ಗಂಡಂದಿರನ್ನು ಯುದ್ಧಕ್ಕೆ ಕಳಿಸಿದ ಹೆಂಗಸರು ಇನ್ನೂ ಇದ್ದರು. ಯಾರಿಗಾದರೂ ಇರಬಹುದು ಎಂದುಕೊಳ್ಳಬಹುದಿತ್ತು. ಅಂದುಕೊಳ್ಳಲಿಲ್ಲ. ಕಣ್ಣಿಗೆ ಕಣ್ಣು ಸೇರಿದ ಕೂಡಲೇ ಗೊತ್ತಾಗಿಹೋಯಿತು. ಅವರು ಎದ್ದರು. ಎರಡು ಹೆಜ್ಜೆ ಇಟ್ಟರು. ಆಗ ನಾನು ನಾದಿನಿಯ ಕೈ ಹಿಡಿದು ನಕ್ಕೆ. ಅವಳು ಹೇಳಿದ್ದರಲ್ಲಿ ನಗುವಂಥದ್ದೇನೂ ಇರಲಿಲ್ಲ. ಥಿಯೇಟರಿಗೆಲ್ಲ ಕೇಳುವಂತೆ ನಕ್ಕೆ. ಇವರು ನಿಂತರು. ಇನ್ನೂ ಜೋರಾಗಿ ನಕ್ಕೆ. ಇವರು ವಾಪಸು ಹೋಗಿ ಕೂತರು.

ಆ ಲಕೋಟೆ ನನ್ನ ಕೈಗೆ ಬರುವವರೆಗೆ ನನ್ನ ಗಂಡ ಬದುಕಿರುತ್ತಾರೆ. ಸೇನೆಗೆ ಸತ್ತಿರಲಿ, ಸರ್ಕಾರಕ್ಕೆ ಸತ್ತಿರಲಿ, ನನಗೆ ಬದುಕಿರುತ್ತಾರೆ. ಅಷ್ಟೇ ಇದ್ದದ್ದು ನನ್ನ ತಲೆಯಲ್ಲಿ. ಇಂಟರ್ವಲ್ ಆದಮೇಲೂ ಪರದೆಯ ಮೇಲೆ ಯಾರು ಏನೆಂದರೂ ನಗುತ್ತಿದ್ದೆ, ಅವರು ಏಳಬಾರದೆಂದು. ನಾಲ್ಕು ಹತ್ತರ ರೈಲು ಕೂಗಿದ್ದು ಕೂಡ ಥಿಯೇಟರಿನ ಒಳಗೆ ಕೇಳಿಸಿತು. ಅದು ನಮ್ಮ ರೈಲು ಎಂದು ನನಗೆ ಹೇಗೆ ಗೊತ್ತಾಗಬೇಕು?

ವಿಚಾರಣೆಯಲ್ಲಿ ಅಧಿಕಾರಿಗಳು ನನ್ನನ್ನು ಕೇಳಿದರು: “ಇವರು ಬಂದದ್ದು ನಿಮಗೆ ಗೊತ್ತಿತ್ತೇನಮ್ಮ?” ಪಕ್ಕದಲ್ಲಿ ಅತ್ತೆ ನನ್ನ ಕೈ ಹಿಡಿದುಕೊಂಡು ಕೂತಿದ್ದರು. ನಾನು ಒಂದೇ ಪದ ಹೇಳಿದೆ. “ಇಲ್ಲ.” ಆಮೇಲೆ ಅಧಿಕಾರಿಗಳು ತಂತಿಯಣ್ಣನನ್ನು ಕೇಳಿದರು: “ಈಕೆ ನಿನ್ನನ್ನು ನೋಡಿದ್ದರಾ?” ಇವರು ನನ್ನ ಕಡೆ ತಿರುಗಲೂ ಇಲ್ಲ. “ಇಲ್ಲ ಸಾರ್. ಕತ್ತಲಿತ್ತು” ಎಂದರು.

ಸಭಿಕರೇ, ಇಂಟರ್ವಲ್ಲಿನಲ್ಲಿ ಕತ್ತಲಿರುತ್ತದೆಯೇ? ತನ್ನ ಕೆಲಸ ಉಳಿಸಿಕೊಳ್ಳಲು ಚೀಟಿಯ ಮೇಲೆ ಒಂದು ಗೀಟು ಎಳೆಯದ ಮನುಷ್ಯ, ನನ್ನ ಮಾನ ಉಳಿಸಲು ಆ ಒಂದು ಸುಳ್ಳು ಹೇಳಿದರು. ನಾನು ಆ ಸುಳ್ಳಿನ ನೆರಳಿನಲ್ಲಿ ನಲವತ್ತೊಂದು ವರ್ಷ ಮರ್ಯಾದಸ್ಥೆಯಾಗಿ ಬದುಕಿದೆ. ಅತ್ತೆಯವರು ಕೊನೆಯ ದಿನ ಕೂಡ ಇವರನ್ನು ಬಯ್ದರು. ನಾನು ಅವರ ಬಾಯಿಗೆ ನೀರು ಬಿಟ್ಟೆ, ಕಿವಿಗೆ ನಿಜ ಹಾಕಲಿಲ್ಲ. ಅವರು ಹೋದಮೇಲಾದರೂ ಹೇಳಬಹುದಿತ್ತು. ಹೇಳಲಿಲ್ಲ. ಹೇಡಿತನಕ್ಕೆ ಕಾರಣ ಹುಡುಕುತ್ತಾ ಕೂರುವುದು ಬೇಡ.

ಆದ್ದರಿಂದ ಕ್ಯಾಪ್ಟನ್ ಸಾಹೇಬರೇ, ತಮ್ಮ ಮಾತನ್ನು ತಿದ್ದಲು ಅಪ್ಪಣೆ ಕೊಡಿ. ಇವರ ಸೇವೆಯಲ್ಲಿ ಲೋಪವಿಲ್ಲ. ಲೋಪ ಎಸಗಿದವಳು ಮೈಕಿನ ಮುಂದೆ ನಿಂತಿದ್ದಾಳೆ. ಅಧ್ಯಕ್ಷರೇ, ಇದನ್ನು ಇವತ್ತಿನ ನಡಾವಳಿಯಲ್ಲಿ ಬರೆಸಿ. ನಾಳೆ ಬೇಕರಿಯಲ್ಲೂ, ಅಂಚೆ ಕಚೇರಿಯಲ್ಲೂ, ಬಸ್ ನಿಲ್ದಾಣದಲ್ಲೂ ಎಲ್ಲರೂ ಆಡಿಕೊಳ್ಳಲಿ. ನನ್ನ ಹೆಸರು ಹಿಡಿದೇ ಆಡಿಕೊಳ್ಳಲಿ.

ಇನ್ನು ತಂತಿಯಣ್ಣ, ನಿಮಗೆ. ಆ ಎರಡೂಕಾಲು ಗಂಟೆ ನನ್ನ ಪಾಲಿಗೆ ನನ್ನ ಗಂಡ ಇನ್ನೂ ಇದ್ದರು. ಆ ಹೊತ್ತನ್ನು ನಿಮ್ಮಿಂದ ಕಿತ್ತುಕೊಂಡವಳು ನಾನು, ಅದಕ್ಕೆ ಶಿಕ್ಷೆ ಅನುಭವಿಸಿದವರು ನೀವು. ಕ್ಷಮಿಸಿ ಎಂದು ಕೇಳುವ ಮುಖ ನನಗಿಲ್ಲ. ಆದರೂ ಕೇಳುತ್ತಿದ್ದೇನೆ, ಕ್ಷಮಿಸಿ.

ಈ ಸಭೆ ಏರ್ಪಡಿಸಿದ ಗ್ರಂಥಾಲಯದವರಿಗೆ, ಹತ್ತು ನಿಮಿಷವನ್ನು ಇಷ್ಟುದ್ದ ಎಳೆಯಲು ಬಿಟ್ಟ ಅಧ್ಯಕ್ಷರಿಗೆ, ಎದ್ದು ಹೋಗದೆ ಕೂತ ಹಿಂದಿನ ಸಾಲಿನವರಿಗೆ ನನ್ನ ವಂದನೆಗಳು. ತಂತಿಯಣ್ಣನವರು ಶಾಲು ಕುರ್ಚಿಯ ಮೇಲಿಟ್ಟು ಎದ್ದು ನಿಂತಿದ್ದಾರೆ. ಯಾರೂ ಅವರನ್ನು ಕೂರಿಸಬೇಡಿ, ದಾರಿ ಬಿಡಿ. ಬನ್ನಿ ತಂತಿಯಣ್ಣ, ಏನು ಹೇಳಬೇಕೋ ಹೇಳಿ. ಈ ಸಲ ನಾನು ನಗುವುದಿಲ್ಲ.

ಎಲ್ಲರಿಗೂ ನಮಸ್ಕಾರ.