ಮಂಗಳವಾರ ಮಧ್ಯಾಹ್ನದ ಮೀಟಿಂಗು

ಓಕ್‌ಲ್ಯಾಂಡಿನಿಂದ ಹೊರಟ ರೈಲಿನಲ್ಲಿ, ನನ್ನ ಹಿಂದಿನ ಸೀಟಿನ ಹುಡುಗಿ ಪಕ್ಕದಲ್ಲಿ ಕೂತಿದ್ದ ತನ್ನ ಮೇಲಧಿಕಾರಿಯನ್ನು ಕನ್ನಡದಲ್ಲೇ ತರಾಟೆಗೆ ತೆಗೆದುಕೊಂಡಿದ್ದಳು.

“‘ಇಲ್ಲಿನ ಜನಕ್ಕೆ ಆಸಕ್ತಿ ಇಲ್ಲ’ ಅಂತ ರಿಪೋರ್ಟಲ್ಲಿ ಹೇಗೆ ಬರೆದ್ರಿ ಸರ್?”

“ಅಭಿಪ್ರಾಯ ಕೇಳೋಕೆ ಮೀಟಿಂಗು ಕರೆದ್ವಿ. ಒಬ್ರೂ ಬರಲಿಲ್ವಲ್ಲ ನಿಸರ್ಗಾ.”

“ಮಂಗಳವಾರ ಮಧ್ಯಾಹ್ನ ಕರೆದ್ರೆ? ಎಲ್ರೂ ಡ್ಯೂಟೀಲಿರ್ತಾರೆ.”

“ನಮ್ಮ ಆಫೀಸು ಟೈಮು ಅದೇ ಅಲ್ವೇನಮ್ಮ?”

“ಫಾಸ್ಟರ್ ಸಿಟಿಯಂಥ ದುಡ್ಡಿರೋರ ಏರಿಯಾಲಾಗಿದ್ರೆ ಸಂಜೆ ಕರೆದು ಊಟಾನೂ ಹಾಕಿಸ್ತಿದ್ರಿ. ಕಪ್ಪು ಜನರ ಏರಿಯಾ ಅಂತ ತಾನೇ ಈ ಅಸಡ್ಡೆ? ಅಲ್ಲಿ ಮಕ್ಕಳ ಡೇಕೇರ್ ನಡೆಸೋ ಸಂಸ್ಥೆ ನಮ್ಮನ್ನ ನಂಬಿ ಸಲಹೆ ಕೇಳ್ತು. ನೀವು ಬರೆದಿದ್ದನ್ನ ನಂಬಿ ದುಡ್ಡು ಕೊಡೋರು ಅವರ ಡೇಕೇರು ಮುಚ್ಚಿಸ್ತಾರೆ.”

“ನಾಳೆ ರಿಪೋರ್ಟು ಕೊಡ್ಬೇಕಲ್ಲ.”

“ಸಂಜೆ ತಾಯಂದಿರು ಮಕ್ಕಳನ್ನ ಕರ್ಕೊಂಡು ಹೋಗೋಕೆ ಬರ್ತಾರೆ. ಮುಂದಿನ ಸ್ಟೇಷನ್ನಲ್ಲಿ ಇಳಿದು ವಾಪಸ್ ಹೋಗಿ, ಡೇಕೇರ್ ಬಾಗಿಲಲ್ಲೇ ನಿಂತು ಕೇಳ್ತೀನಿ.”

ರೈಲು ನಿಂತಿತು. ಹುಡುಗಿ ಎದ್ದಳು.

“ಲ್ಯಾಪ್‌ಟಾಪು ಬಿಟ್ಟು ಹೋಗ್ತಿದ್ದೀಯಲ್ಲಮ್ಮ!”

“ಇಟ್ಕೊಳ್ಳಿ. ನಂಗೆ ಕಿವಿ ಇದೆ.”

ಅಷ್ಟಂದು ಇಳಿದುಹೋದಳು.