ಬಾವಿ ಹಾಕುವ ತಾಳ

ಮೂಡುಬಿದಿರೆಯಲ್ಲಿ ಬಸದಿಯ ಹಿಂದಿನ ಓಣಿಗೆ ಆ ದಿನ ಮಧ್ಯಾಹ್ನದಿಂದಲೇ ಮಳೆ ಹಿಡಿದಿತ್ತು. ಸೂರ್ಯ ಮುಳುಗುವ ಮೊದಲೇ ಊಟ ಮುಗಿಸುವ ಮನೆ ಅದು. ಬಟ್ಟಲು ತೊಳೆದಿಟ್ಟು ತ್ರಿಶಲಾ ಹೊರಗೆ ಬರುವಷ್ಟರಲ್ಲಿ ಕರೆಂಟು ಹೋಯಿತು. ಹುಳ ಬಿದ್ದು ಸತ್ತೀತೆಂದು ಗಾಜು ಮುಚ್ಚಿದ ಲಾಟೀನನ್ನು ಅವಳು ಚಾವಡಿಯ ನಡುವೆ ಇಟ್ಟಳು. ಅಲ್ಲಿ ಮೂವರು ಕೂತಿದ್ದರು: ಎಪ್ಪತ್ತಾರರ ಮಾವ ಸಂಪತ್‌ಕುಮಾರರು, ಮಗಳು ತ್ರಿಶಾ, ಮತ್ತೆ ಬಾಡಿಗೆ ಕಾರಿನ ಮೂಸಬ್ಬ. ಬೆಳಗ್ಗೆ ಎಷ್ಟು ಹೊತ್ತಿಗೆ ಬರಲಿ ಎಂದು ಕೇಳಿ ಹೋಗಲು ಬಂದ ಮೂಸಬ್ಬನನ್ನು ಮಳೆ ಅಲ್ಲೇ ಕೂರಿಸಿತ್ತು.

ತ್ರಿಶಾ ನೌಕಾಪಡೆಗೆ ಆಯ್ಕೆಯಾಗಿದ್ದಳು. ಬೆಳಗ್ಗೆ ಮಂಗಳೂರಿನಿಂದ ರೈಲು. ಬೆಳ್ತಂಗಡಿಯ ಕೆಲಸದಿಂದ ಇನ್ನೂ ಬಾರದ ಅವಳಪ್ಪ, 'ನಿನ್ನಮ್ಮ ಹೂಂ ಅಂದರೆ ನನ್ನದೂ ಹೂಂ' ಎಂದು ಜಾರಿಕೊಂಡಿದ್ದ. ಅಮ್ಮ ಹೂಂ ಎನ್ನದೆ ಹೊಸ್ತಿಲು ದಾಟುವುದಿಲ್ಲ ಎಂದು ತ್ರಿಶಾಳೂ ಹೇಳಿಬಿಟ್ಟಿದ್ದಳು. ಆ ಹೂಂ ಮೂರು ವಾರದಿಂದ ತ್ರಿಶಲಾಳ ಗಂಟಲಲ್ಲೇ ನಿಂತಿತ್ತು.

ಅವಳು ಮಾತು ಕಡಿಮೆಯವಳು. ತಂದೆ ಸಂಜೆಸಂಜೆ ಓದುತ್ತಿದ್ದ ಪದ್ಯಗಳನ್ನು ಕೇಳಿಯೇ ಬೆಳೆದವಳು. ಮದುವೆಯಾಗಿ ಬಂದ ಇಪ್ಪತ್ತೆರಡು ವರ್ಷಗಳಿಂದ ನಸುಕಿನಲ್ಲಿ ನೀರು ಸೇದುವಾಗ ಅವುಗಳನ್ನೇ ಮೆಲ್ಲಗೆ ಹೇಳಿಕೊಳ್ಳುವಳು. ಮೂರು ಮಾತ್ರೆ, ನಾಲ್ಕು ಮಾತ್ರೆ, ಮತ್ತೆ ಮೂರು, ನಾಲ್ಕು. ಕೆಳಗೆ ಕೊಡ ಕಲ್ಲಿಗೆ ತಾಗಿ ತಾಳ ಹಾಕುವುದು. ಆಮೇಲೆ ಎರಡು ಮಡಿಕೆಯ ಬಟ್ಟೆಯಲ್ಲಿ ನೀರು ಸೋಸಿ, ಬಟ್ಟೆಯಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಗಳನ್ನು ಅದೇ ಬಾವಿಗೆ ಮೆಲ್ಲಗೆ ಇಳಿಸಿಬಿಡುವಳು. ಹಾಗೆ ನೀರು ಕುಡಿಯುವ ಮನೆಯ ಹುಡುಗಿ ಯುದ್ಧದ ಹಡಗಿಗೆ ಹೋಗುವುದೆಂದರೇನು?

"ನಾನು ಬಂದೂಕು ಹಿಡಿಯುವ ಕೆಲಸ ಕೇಳುವುದಿಲ್ಲ ಅಮ್ಮ," ತ್ರಿಶಾ ಅಂದಳು. "ಸೋನಾರ್ ಅಂತ ಉಂಟು. ಹೆಡ್‌ಫೋನ್ ಹಾಕಿ ನೀರಿನ ಒಳಗಿನ ಸದ್ದು ಕೇಳುವುದು. ಅಷ್ಟೇ. ಕೇಳಿದರೆ ಯಾರು ಸಾಯ್ತಾರೆ?"

"ನನ್ನ ಹೆಂಡತಿ ಮಾತಾಡುವುದು ಕೇಳಿ ನಾನು ಸತ್ತು ಮೂವತ್ತು ವರ್ಷ ಆಯ್ತು," ಎಂದ ಮೂಸಬ್ಬ.

ಯಾರೂ ನಗಲಿಲ್ಲ. ಸಂಪತ್‌ಕುಮಾರರು ಮೊಮ್ಮಗಳನ್ನೇ ನೋಡುತ್ತಿದ್ದರು. ಬೇಡ ಎಂದೊಂದು ಮಾತು ಹೇಳಿ ಎಂದು ತ್ರಿಶಲಾ ಅವರನ್ನು ಎಷ್ಟೋ ಸಲ ಬೇಡಿಕೊಂಡಿದ್ದಳು. ಅವರು ಪಿಟಕ್ಕೆಂದಿರಲಿಲ್ಲ.

"ಲಾಟೀನು ಸ್ವಲ್ಪ ಸಣ್ಣ ಮಾಡು ತ್ರಿಶಲಾ," ಎಂದರು. "ಮೂಸಬ್ಬ, ಮಳೆ ಬಿಡುವ ಹಾಗೆ ಕಾಣುವುದಿಲ್ಲ, ಕೂತುಕೋ. ಇದನ್ನು ನಾನು ತೀರಿಹೋದ ನನ್ನ ಹೆಂಡತಿಗೂ ಹೇಳಲಿಲ್ಲ, ಬಸದಿಗೆ ಬಂದ ಮುನಿಗಳಿಗೂ ಹೇಳಲಿಲ್ಲ...

"ಇವಳು ಈಗ ಹೇಳಿದ್ದಲ್ಲವಾ, ಅದೇ ಮಾತು ನಾನು ನನ್ನ ಅಮ್ಮನಿಗೆ ಹೇಳಿ ನೇವಿಗೆ ಹೋದವ. ಕೈಯಾರೆ ಒಂದು ಜೀವ ತೆಗೆಯುವುದಿಲ್ಲ ಅಂತ ಬಸದಿಯಲ್ಲಿ ವ್ರತ ಹಿಡಿದು, ಕೈ ಬೇಡ, ಕಿವಿ ಸಾಕು ಅಂತ ಆ ಕೆಲಸವನ್ನೇ ಕೇಳಿ ತೆಗೆದುಕೊಂಡೆ. ಹಡಗಿನಲ್ಲೂ ಸೋಸುವ ಬಟ್ಟೆ ಬಿಡಲಿಲ್ಲ, ಗೊತ್ತುಂಟಾ? ಟ್ಯಾಂಕಿಯ ನೀರು ಸೋಸಿ ಬಟ್ಟೆಯನ್ನು ಟ್ಯಾಂಕಿಗೇ ಜಾಲಿಸಲು ಹೋಗಿ ಬೈಗುಳ ತಿಂದದ್ದು ಎಷ್ಟು ಸಲ... ಜೊತೆಯವರು 'ಸ್ವಾಮಿಗಳು ಬಂದರು, ಸೊಳ್ಳೆ ಹೊಡೆಯಬೇಡಿ' ಅಂತ ತಮಾಷೆ ಮಾಡುವುದು.

"ಎಪ್ಪತ್ತೊಂದು. ಯುದ್ಧ. ನಮ್ಮದು ಸಣ್ಣ ಹಡಗು. ಒಂದು ಮಧ್ಯಾಹ್ನ ನನ್ನ ಕಿವಿಗೆ ಸಬ್‌ಮೆರಿನಿನ ಸದ್ದು ಬಂತು. ಹೇಳಿದೆ. ಹೇಳುವುದು ನನ್ನ ಕೆಲಸ ಅಲ್ಲವಾ? ಮೇಲಿನವರು ನೀರಿಗೆ ಬಾಂಬು ಬಿಟ್ಟರು, ಒಂದರ ಹಿಂದೆ ಒಂದು... ಹಡಗು ನಡುಗಿತು, ಹೆಡ್‌ಫೋನ್ ತೆಗೆದಿಟ್ಟು ಮತ್ತೆ ಹಾಕಿಕೊಂಡೆ. ಮೊದಲು ಏನೂ ಇಲ್ಲ. ಆಮೇಲೆ... ತಟ್ಟುವುದು ಕೇಳಿತು.

"ಒಳಗಿನಿಂದ. ಕಬ್ಬಿಣಕ್ಕೆ ಕಬ್ಬಿಣ. ಯಂತ್ರದ ಸದ್ದಲ್ಲ ಅದು, ಲೆಕ್ಕ ಇಟ್ಟುಕೊಂಡು ತಟ್ಟುವುದು. ಎಷ್ಟು ಸಲ, ಹೇಗೆ ಅಂತ ಮಾತ್ರ ಕೇಳಬೇಡಿ, ಅದು ನನ್ನ ಬಾಯಿಂದ ಬರುವುದಿಲ್ಲ. ಕೆಳಗೆ ಮನುಷ್ಯರು ಬದುಕಿದ್ದಾರೆ, ಅಷ್ಟು ಗೊತ್ತಾಯ್ತು.

"ಕ್ಯಾಪ್ಟನ್ ಬಂದು ಬೆನ್ನ ಹಿಂದೆ ನಿಂತರು. 'ಉಂಟಾ, ಇಲ್ಲವಾ?' ಅಂತ ಕೇಳಿದರು. ಒಂದೇ ಮಾತು. ಉಂಟು ಅಂದರೆ ಇನ್ನೊಂದು ಸಲ ಬಾಂಬು ಬೀಳ್ತದೆ. ನಾನು ಏನು ಹೇಳಬೇಕಿತ್ತು ಹೇಳಿ? ಅಮ್ಮ ಕಣ್ಣ ಮುಂದೆ ಬಂದರು, ಬಸದಿ ಬಂತು, ವ್ರತ ಬಂತು...

"'ಇಲ್ಲ' ಅಂದೆ.

"ನೀರಿನ ಮೇಲೆ ಎಣ್ಣೆ ಇಲ್ಲ, ಮುರಿದ ಚೂರಿಲ್ಲ. ಸುಳ್ಳು ಸದ್ದು ಅಂತ ಬರೆದು ಹಡಗು ತಿರುಗಿಸಿದರು. ನನಗೆ ಎಂಥ ಸಮಾಧಾನ ಗೊತ್ತುಂಟಾ! ಇಷ್ಟು ಜೀವ ಉಳಿಸಿದೆ, ಬಟ್ಟೆಯಲ್ಲಿ ಸಿಕ್ಕಿದ್ದನ್ನು ಬಾವಿಗೆ ಬಿಟ್ಟ ಹಾಗೆ ಬಿಟ್ಟೆ ಅಂತ. ಹಡಗು ದೂರ ಹೋದ ಹಾಗೆ ತಟ್ಟುವುದು ಸಣ್ಣದಾಗ್ತಾ ಹೋಯ್ತು. ನಿಲ್ಲಲಿಲ್ಲ. ಆಗ ಹೊಳೆಯಿತು ಮಾರಾಯ... ಓಡಿಹೋಗಲು ಆಗುವವರು ತಟ್ಟುತ್ತಾ ಯಾಕೆ ಕೂರ್ತಾರೆ? ಅವರಿಗೆ ಮೇಲೆ ಬರಲಿಕ್ಕೇ ಆಗುವುದಿಲ್ಲ. ಅವರು ಕರೆಯುತ್ತಿದ್ದದ್ದು ನಮ್ಮನ್ನೇ. ಉಂಟು ಅಂದಿದ್ದರೆ ಒಂದು ಕ್ಷಣದಲ್ಲಿ ಮುಗಿಯುತ್ತಿತ್ತು. ಅಥವಾ ಬದುಕಿದ್ದಾರೆ ಅಂತ ಪೂರ್ತಿ ಹೇಳಿದ್ದರೆ, ಯಾರಿಗೆ ಗೊತ್ತು, ಎತ್ತಲು ನೋಡುತ್ತಿದ್ದರೋ ಏನೋ. ನಾನು ದಯೆ ಅಂತ ಮಾಡಿದ್ದೇನು? ಕತ್ತಲೆಯಲ್ಲಿ, ಗಾಳಿ ಮುಗಿಯುವವರೆಗೆ, ಅವರನ್ನು ತಟ್ಟುತ್ತಾ ಕೂರಿಸಿ ಬಂದೆ.

"ಊರಿಗೆ ಬಂದ ಮೊದಲ ಬೆಳಗ್ಗೆ ನೀರು ಸೇದಲು ಬಾವಿಗೆ ಬಗ್ಗಿದೆ. ಕೆಳಗೆ... ತಟ್ಟುತ್ತಾ ಇದ್ದರು."

ಮೂಸಬ್ಬ ಟೊಪ್ಪಿ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡಿದ್ದ.

"ಅದು ನಿಮ್ಮ ಮನಸ್ಸು ಸಂಪತಣ್ಣ," ಎಂದ ಮೆಲ್ಲಗೆ.

"ಡಾಕ್ಟರೂ ಅದನ್ನೇ ಹೇಳಿದ್ದು. ಬಾಂಬಿನ ಸದ್ದಿಗೆ ಕಿವಿ ಹಾಳಾಗಿದೆ ಅಂತ. ನಾನೂ ನಂಬಿದೆ. ಆಮೇಲೆ ಆ ಬಾವಿಕಟ್ಟೆಗೆ ಕಾಲಿಡಲಿಲ್ಲ. ನನ್ನ ಒಬ್ಬನ ಕಿವಿಯ ದೋಷ, ನನ್ನ ಜೊತೆಗೇ ಸುಟ್ಟುಹೋಗ್ತದೆ..."

ತ್ರಿಶಲಾಳ ಬೆರಳು ತಾನಾಗಿಯೇ ಮಡಿಲಲ್ಲಿ ತಾಳ ಹಾಕುತ್ತಿತ್ತು. ಎಷ್ಟೋ ಬೆಳಗುಗಳು ಅವಳ ಕಣ್ಣಿಗೆ ಕಟ್ಟಿದವು. ಕೊಡ ಮೇಲೆ ಬಂದು ಕಟ್ಟೆಯ ಮೇಲೆ ಕೂತ ಮೇಲೂ, ಹಗ್ಗ ಸುತ್ತಿಟ್ಟ ಮೇಲೂ, ಕೆಳಗೆ ತಾಳ ನಡೆಯುತ್ತಲೇ ಇರುತ್ತಿತ್ತಲ್ಲ... ಅದೇಕೆ ಎಂದು ಅವಳು ಒಂದು ದಿನವೂ ಕೇಳಿಕೊಂಡಿರಲಿಲ್ಲ.

"ಮಾವ," ಎಂದಳು. "ಮೂರು ಸಲ. ಆಮೇಲೆ ನಾಲ್ಕು ಸಲವಾ?"

ಮುದುಕರ ಮುಖದ ಬಣ್ಣ ಇಳಿಯಿತು. "ಯಾರು ಹೇಳಿದರು ನಿನಗೆ?"

"ಯಾರೂ ಹೇಳಲಿಲ್ಲ. ನಾನು ಪದ್ಯ ಹೇಳುವುದು ಅದರ ಜೊತೆಗೇ."

ಮಗಳನ್ನು ಮನೆಯಲ್ಲಿ ಇರಿಸಿಕೊಂಡರೆ ಆ ಕಡಲಿನಿಂದ ಕಾಪಾಡಿದಂತೆ ಎಂದು ತ್ರಿಶಲಾ ತಿಳಿದಿದ್ದಳು. ಈಗ ನೋಡಿದರೆ, ಈ ಬಾವಿಯಿಂದ ಆ ಕಡಲಿನ ನೀರನ್ನೇ ಮಗಳಿಗೆ ಸೋಸಿ ಸೋಸಿ ಕುಡಿಸಿದ್ದಳು. ಅವಳು ತ್ರಿಶಾಳ ಕಡೆ ತಿರುಗಿದಳು.

"ಕೇಳಿದ್ದನ್ನು ಕೇಳಿದೆ ಅಂತ ಹೇಳ್ತೀಯಾ? ಯಾರು ಬೆನ್ನ ಹಿಂದೆ ನಿಂತು ಕೇಳಿದರೂ? ಪೂರ್ತಿ?"

"ಹೇಳ್ತೇನೆ ಅಮ್ಮ."

"ಹೂಂ," ಎಂದಳು ತ್ರಿಶಲಾ. "ಮೂಸಬ್ಬ, ನೀವು ಐದು ಗಂಟೆಗೆ ಬನ್ನಿ."

ಮೂಸಬ್ಬ ಮಳೆ ಬಿಡುವುದನ್ನು ಕಾಯದೆ ಎದ್ದು ಹೋದ. ಬಾವಿಯ ಕಡೆಯ ದಾರಿ ಬಿಟ್ಟು ಸುತ್ತು ಹಾಕಿ ಹೋದ.

ಸಂಪತ್‌ಕುಮಾರರು ಕೂತಲ್ಲಿಂದ ಕದಲಲಿಲ್ಲ. "ಇಪ್ಪತ್ತೆರಡು ವರ್ಷ..." ಎಂದು ತಮ್ಮಷ್ಟಕ್ಕೆ ಎಂಬಂತೆ ಶುರುಮಾಡಿದರು. "ಅವರು ತಟ್ಟಿದ ಲೆಕ್ಕಕ್ಕೆ ಸರಿಯಾಗಿ ಮೇಲಿನಿಂದ ಒಬ್ಬರು ದಿನಾ ಉತ್ತರ ಕೊಡ್ತಾ ಇದ್ದಾರೆ. ಯಾರೋ ಕೇಳಿಸಿಕೊಂಡರು, ಇನ್ನೇನು ಎತ್ತಲು ಬರ್ತಾರೆ ಅಂತ ಅವರು ತಿಳಿದಿರುವುದಿಲ್ಲವಾ? ಹಾಗಾದ ಮೇಲೆ ಯಾಕೆ ನಿಲ್ಲಿಸ್ತಾರೆ ಹೇಳು..." ಲಾಟೀನಿನ ಬೆಳಕಿನಲ್ಲಿ ಅವರು ಸೊಸೆಯತ್ತ ತಲೆಯೆತ್ತಿದರು. "ನಾಳೆ ನೀರು ಸೇದುವಾಗ ನಿನಗೆ ಹೆದರಿಕೆ ಆಗ್ತದೆ, ನನಗೆ ಗೊತ್ತುಂಟು. ಆದರೂ ಪದ್ಯ ಹೇಳುವುದು ಬಿಡಬೇಡ ಮಗಾ. ಮೇಲೆ ಯಾರೂ ಇಲ್ಲ ಅಂತ ಅವರಿಗೆ ಗೊತ್ತಾದರೆ... ಅವರೇ ಹತ್ತಿ ಬಂದಾರು."